ಸೋತವರ ದಾನಶೀಲತೆಗೆ ಒಂದು ಬಿನ್ನವತ್ತಳೆ

ಅನ್ನದಾನ, ವಿದ್ಯಾದಾನ, ಗೋದಾನ, ಭೂದಾನ, ಈಚೆಗೆ ರಕ್ತದಾನ, ನೇತ್ರದಾನ ಎಂದು ದಾನದ ಬಗೆಗಳನ್ನು ಎಣಿಸುತ್ತ ಬಂದ ನಮ್ಮವರು ಒಂದನ್ನು ಮಾತ್ರ ಊಹಿಸಲಾರದೆ ಹೋದರು. ತನ್ನ ದುಡ್ಡನ್ನು ಕಣ್ಣೆದುರೇ ಬಳಿದುಕೊಂಡ ಕೈಗೆ, ಆ ಬಳಿದುಕೊಂಡ ಶ್ರಮಕ್ಕಾಗಿ, ಉಳಿದ ದುಡ್ಡಿನಲ್ಲಿ ಮತ್ತಷ್ಟನ್ನು ತೆಗೆದು, ನಗುಮೊಗದಿಂದ ಕೊಡುವ ದಾನ ಅದು. ಅದನ್ನು ಕಂಡುಹಿಡಿದು, ಶಿಷ್ಟಾಚಾರವಾಗಿ ಬೆಳೆಸಿ, ಯಾವುದಕ್ಕೆ ಎಷ್ಟೆಂದು ದರವನ್ನೂ ಗೊತ್ತುಮಾಡಿ ಮನುಕುಲಕ್ಕೆ ಒಪ್ಪಿಸಿದ ಕೀರ್ತಿ ಅಮೆರಿಕದ ನೆವಾಡ ರಾಜ್ಯದ ಮರಳುಗಾಡಿನಲ್ಲಿ ಕಂಗೊಳಿಸುವ ಲಾಸ್ ವೇಗಸ್ ನಗರಕ್ಕೆ ಸಲ್ಲಬೇಕು. 1931ರಲ್ಲಿ, ಜಗತ್ತಿಗೆ ಜಗತ್ತೇ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದಾಗ, ಆ ರಾಜ್ಯ ಜೂಜಿಗೆ ಕಾನೂನಿನ ಬಾಗಿಲು ತೆರೆಯಿತು. ಜನರ ಬಳಿ ದುಡ್ಡಿಲ್ಲದ ಕಾಲದಲ್ಲಿ ಇದ್ದಬದ್ದದ್ದನ್ನು ಕಳೆದುಕೊಳ್ಳಲು ಒಂದು ಗೌರವದ ಜಾಗವಾದರೂ ಇರಲಿ ಎಂದು ಮರುಗಿದ ಆ ಶಾಸಕರ ಅಂತಃಕರಣಕ್ಕೆ ನಮಸ್ಕರಿಸಿ, ಆ ಊರಿನ ಕ್ಯಾಸಿನೊಗಳಲ್ಲಿ ಎಲೆ ಹಂಚುವವರಿಗೂ ಗ್ಲಾಸು ತಂದಿಡುವವರಿಗೂ ಟಿಪ್ಸ್ ಕೊಡುವ ಪವಿತ್ರ ಪದ್ಧತಿಗೆ ಈ ಬಿನ್ನವತ್ತಳೆಯನ್ನು ಅರ್ಪಿಸುತ್ತಿದ್ದೇನೆ.

ಈ ಪದ್ಧತಿಯ ಬೆಳಕಿನಲ್ಲಿ ನೋಡಿದರೆ ನಮ್ಮ ಧರ್ಮರಾಯನ ನಡತೆ ತಲೆ ತಗ್ಗಿಸುವಂಥದು. ಹಸ್ತಿನಾವತಿಯ ತುಂಬಿದ ಸಭೆಯಲ್ಲಿ ಕೋಶ ಸೋತ, ರಾಜ್ಯ ಸೋತ, ತಮ್ಮಂದಿರನ್ನು ಸೋತ, ತನ್ನನ್ನೇ ಸೋತ, ಕಡೆಗೆ ಹೆಂಡತಿಯನ್ನೂ ಒಡ್ಡಿ ಸೋತ. ಇಷ್ಟು ಹೊತ್ತು ಬೇಸರವಿಲ್ಲದೆ ದಾಳ ಉರುಳಿಸಿದ ಶಕುನಿಯ ಮುಂದೆ ಒಂದು ಹೊನ್ನನ್ನಾದರೂ ಇಟ್ಟನೇ? ಗಾಂಧಾರದಿಂದ ಅಷ್ಟು ದೂರ ಬಂದ ಆ ವೃತ್ತಿಪರನಿಗೆ 'ನಿಮ್ಮಿಂದ ಬಹಳ ಉಪಕಾರವಾಯಿತು' ಎಂಬ ಒಂದು ಮಾತನ್ನಾದರೂ ಆಡಿದನೇ? ವೇಗಸ್ಸಿನ ಡೀಲರುಗಳು ಹೀಗೆ ಕೈ ಬಿಗಿಹಿಡಿದವನನ್ನು ತಮ್ಮೊಳಗೆ 'ಸ್ಟಿಫ್' ಎಂದೂ, ಧಾರಾಳಿಯನ್ನು 'ಜಾರ್ಜ್' ಎಂದೂ ಕರೆದುಕೊಳ್ಳುತ್ತಾರೆ. ಧರ್ಮರಾಯನಿಗೆ ಜಾರ್ಜ್ ಆಗುವ ಯೋಗ್ಯತೆ ಒದಗಲಿಲ್ಲ. ಹನ್ನೆರಡು ವರ್ಷ ಕಾಡಿಗೆ ಹೋದ.

ಪದ್ಧತಿಯ ಬೇರಿನಲ್ಲಿರುವುದು ಮಾಲೀಕರ ವಿನಯ. ಬೇರೆ ಉದ್ಯಮಿಗಳು ದುಡಿಯುವವರಿಗೆ ತಾವೇ ಸಂಬಳ ಕೊಟ್ಟು, ಅನ್ನದಾತರೆನಿಸಿಕೊಂಡು, ಅಹಂಕಾರಕ್ಕೆ ಬಲಿಯಾಗುತ್ತಾರೆ. ವೇಗಸ್ಸಿನ ಮಾಲೀಕ ಈ ಬಲೆಗೆ ಬೀಳುವವನಲ್ಲ. ಮರಳುಗಾಡಿನಲ್ಲಿ ವೆನಿಸ್ಸಿನ ಕಾಲುವೆ ಹರಿಸಿ, ಅದರಲ್ಲಿ ದೋಣಿ ನಡೆಸಿ, ಇನ್ನೊಂದು ಕಡೆ ಐಫೆಲ್ ಗೋಪುರವನ್ನು ಅರ್ಧ ಅಳತೆಯಲ್ಲಿ ನಿಲ್ಲಿಸಿ, ಮತ್ತೊಂದು ಕಡೆ ಕೆರೆ ಕಟ್ಟಿ ಸಂಗೀತಕ್ಕೆ ಸರಿಯಾಗಿ ಕಾರಂಜಿ ಕುಣಿಸಿ, ಇಷ್ಟೆಲ್ಲಕ್ಕೂ ನೀರಿನಂತೆ ದುಡ್ಡು ಚೆಲ್ಲಿದ ಆ ಮಹನೀಯ, ಎಲೆ ಹಂಚುವ ಹೆಣ್ಣುಮಗಳ ಮನೆಬಾಡಿಗೆಯ ಮಾತು ಬಂದಾಗ ಮಾತ್ರ, ಅಂಥ ದೊಡ್ಡ ಪುಣ್ಯಕ್ಕೆ ತಾನು ಅರ್ಹನಲ್ಲವೆಂದು ಹಿಂದೆ ಸರಿದು, ಅದನ್ನು ಸೋತ ಅತಿಥಿಯ ಪಾಲಿಗೆ ಬಿಟ್ಟುಕೊಡುತ್ತಾನೆ. ಅಮೆರಿಕದ ಒಕ್ಕೂಟ ಸರ್ಕಾರ ಟಿಪ್ಸ್ ನಂಬಿ ಬದುಕುವವರಿಗೆ ನಿಗದಿ ಮಾಡಿರುವ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಈಚೆಗೆ ಬೆಲೆಗಳೆಲ್ಲ ಚಂಚಲೆಯಂತೆ ಮೇಲೇರಿದರೂ ಈ ಅಂಕಿ ಒಂದು ಸೆಂಟಿನಷ್ಟೂ ಕದಲಿಲ್ಲ. ಇಂಥ ಸ್ಥಿತಪ್ರಜ್ಞತೆ ಋಷಿಗಳಲ್ಲೂ ಅಪರೂಪ. ನೆವಾಡ ರಾಜ್ಯ ಮಾತ್ರ ಈ ತಪಸ್ಸನ್ನು ಭಂಗಗೊಳಿಸಿ, ಟಿಪ್ಸ್ ಬಂದರೂ ಬಾರದಿದ್ದರೂ ಗಂಟೆಗೆ 12 ಡಾಲರ್ ಕೊಡಲೇಬೇಕೆಂದು ಹಟ ಹಿಡಿದಿದೆ. ಮಾಲೀಕರು ಕಾನೂನಿಗೆ ತಲೆಬಾಗುವವರು. ಆದ್ದರಿಂದ ಬಹಳಷ್ಟು ಡೀಲರುಗಳ ಮೂಲ ಸಂಬಳವನ್ನು ಆ ಗೆರೆಯಿಂದ ಹೆಚ್ಚು ದೂರ ಹೋಗಗೊಡದೆ, ಅದರ ಆಸುಪಾಸಿನಲ್ಲೇ, ಕಣ್ಣಳತೆಯಲ್ಲೇ ಇಟ್ಟುಕೊಂಡು ಸಾಕುತ್ತಾರೆ.

ಆಸ್ಟ್ರೇಲಿಯದವರನ್ನು ನೆನೆದರೆ ಕನಿಕರವಾಗುತ್ತದೆ. ಅಲ್ಲಿ ಕ್ಯಾಸಿನೊ ಡೀಲರುಗಳು ಟಿಪ್ಸ್ ಮುಟ್ಟಕೂಡದೆಂದು ಕಾನೂನಿದೆ. ಮಾಲೀಕರೇ ಸಂಬಳ ಕೊಡಬೇಕಾದ ದುರ್ಗತಿ, ಅತಿಥಿ ಸುಮ್ಮನೆ ಸೋತು ಸುಮ್ಮನೆ ಎದ್ದುಹೋಗುವ ಶುಷ್ಕತೆ! ಮೊನಾಕೊದ ಮಾಂಟೆ ಕಾರ್ಲೊದವರು ಇದಕ್ಕಿಂತ ವಾಸಿ. ರೂಲೆಟ್ ಎಂಬ ಚಕ್ರದಾಟದಲ್ಲಿ ಒಂದೇ ಅಂಕಿಯ ಮೇಲೆ ಕಟ್ಟಿ ಗೆದ್ದವನಿಗೆ ಒಂದಕ್ಕೆ ಮೂವತ್ತೈದು ಬರುತ್ತದೆ. ಅದರಲ್ಲಿ ಒಂದನ್ನು ಸಿಬ್ಬಂದಿಗೆಂದು ಬಿಡುವುದು ಅಲ್ಲಿನ ರೂಢಿ. ಒಳ್ಳೆಯದೇ. ಆದರೆ ಗೆದ್ದವನ ಕೈಯಿಂದ ಒಂದು ಬೀಳಿಸುವುದರಲ್ಲಿ ಯಾವ ಸಾಧನೆ ಇದೆ? ಸೋತವನ ಕೈಯಿಂದ ಬೀಳಿಸುವ ಎತ್ತರಕ್ಕೆ ಯುರೋಪು ಇನ್ನೂ ಏರಬೇಕಾಗಿದೆ.

ಕೊಡುವ ವಿಧಿಯ ಗಾಂಭೀರ್ಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದುಡ್ಡಿನ ಬದಲಿಗೆ ನಡೆಯುವ ಬಿಲ್ಲೆಯಾದ ಚಿಪ್ಪನ್ನು ಡೀಲರಿನ ಕೈಗೆ ಕೊಡಕೂಡದು, ಅದು ಅಪಚಾರ. ಮೇಜಿನ ಬಟ್ಟೆಯ ಮೇಲೆ ಮೆಲ್ಲನೆ ಮುಂದೆ ಜರುಗಿಸಿ, ಇದು ನಿಮಗೆ ಎನ್ನಬೇಕು. ಆಕೆ ಅದನ್ನೆತ್ತಿ, ಹಿಂದೆ ನಿಂತ ಮೇಲ್ವಿಚಾರಕನಿಗೆ ಕೇಳಿಸುವಂತೆ ಟಕ್ ಟಕ್ ಎಂದು ಬಡಿದು, ಬೀಗ ಹಾಕಿದ ಪೆಟ್ಟಿಗೆಯ ಸೀಳಿನೊಳಗೆ ಇಳಿಸುತ್ತಾಳೆ. ಮೇಜು ಬಿಟ್ಟು ಹೋಗುವಾಗ ಎರಡೂ ಕೈ ತಟ್ಟಿ, ಬೆರಳು ಅಗಲಿಸಿ, ಅಂಗೈ ಮುಂಗೈ ತಿರುಗಿಸಿ ತೋರಿಸುತ್ತಾಳೆ. ಎದುರು ಕುಳಿತವರು ಇದನ್ನು ತಮಗೆ ಮಾಡಿದ ನಮಸ್ಕಾರದ ಒಂದು ಬಗೆ ಎಂದುಕೊಂಡು ಪ್ರತಿಯಾಗಿ ಕೈ ಮುಗಿಯುವುದುಂಟು. ಅದು ಛಾವಣಿಯಲ್ಲಿ ಹುದುಗಿರುವ ಕ್ಯಾಮೆರಾಗಳಿಗೆ ಸಲ್ಲುವ ವಂದನೆ. ಕೆಲವೆಡೆ ಜೇಬಿನ ಚಿಂತೆಯೂ ಕಾಡದಿರಲೆಂದು ಅದನ್ನು ಮುಚ್ಚುವ ಏಪ್ರನ್ ತೊಡಿಸಿರುತ್ತಾರೆ. ದಿನಕ್ಕೆ ಲಕ್ಷಗಟ್ಟಲೆ ಡಾಲರ್ ಕೈಮೇಲೆ ಹಾದುಹೋಗುವ ಉದ್ಯೋಗಿಯ ಮೇಲೆ ಮಾಲೀಕ ಇಟ್ಟಿರುವ ವಿಶ್ವಾಸ ಎಂಥದೆಂದು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಪೆಟ್ಟಿಗೆಗೆ ಬಿದ್ದ ಚಿಪ್ಪು ಯಾರದು? ಹೆಚ್ಚಿನ ದೊಡ್ಡ ಕ್ಯಾಸಿನೊಗಳಲ್ಲಿ ಇಪ್ಪತ್ನಾಲ್ಕು ಗಂಟೆಯ ಎಲ್ಲ ಪಾಳಿಯ ಟಿಪ್ಸನ್ನೂ ಒಂದೇ ರಾಶಿ ಮಾಡಿ, ದುಡಿದ ಗಂಟೆಯ ಲೆಕ್ಕದಲ್ಲಿ ಡೀಲರುಗಳಿಗೆ ಹಂಚುತ್ತಾರೆ. ನಿಮ್ಮ ಹೆಸರು ಕೇಳಿ, ಊರು ಕೇಳಿ, ಸೋತಾಗ ಲೊಚಗುಟ್ಟಿದ ಡೀಲರಿಗೂ, ಪಕ್ಕದ ಮೇಜಿನಲ್ಲಿ ಗೋಡೆಯಂತೆ ಮುಖ ಮಾಡಿಕೊಂಡು ನಿಂತವನಿಗೂ ಸಮಪಾಲು. ಅರ್ಧ ಜಗತ್ತು ಕ್ರಾಂತಿ ಮಾಡಿಯೂ ಉಳಿಸಿಕೊಳ್ಳಲಾರದ ಸಮತೆಯನ್ನು ಬಂಡವಾಳಶಾಹಿಯ ಗರ್ಭಗುಡಿಯಲ್ಲೇ, ಅದೂ ಮಾಲೀಕನ ಕಾಸಿಗೆ ಒಂದಿಷ್ಟೂ ಸೋಂಕು ತಗುಲದಂತೆ, ಸ್ಥಾಪಿಸಿದ್ದಾರೆ.

ಈ ಸಮತೆಯನ್ನು ಇನ್ನೂ ವಿಸ್ತರಿಸಿದ ಮಹಾನುಭಾವರಿದ್ದಾರೆ. ಸ್ಟೀವ್ ವಿನ್ ಅವರ ಕ್ಯಾಸಿನೊದಲ್ಲಿ ಒಂದು ಸಂಕಟ ತಲೆದೋರಿತ್ತು: ಮೇಲ್ವಿಚಾರಕರಿಗಿಂತ ಡೀಲರುಗಳೇ ಹೆಚ್ಚು ದುಡಿದುಕೊಳ್ಳುತ್ತಿದ್ದರಿಂದ ಬಡ್ತಿ ಕೊಡುತ್ತೇವೆಂದರೂ ಯಾರೂ ಒಲ್ಲರು. ಮಂದಬುದ್ಧಿಯ ಮಾಲೀಕನಾಗಿದ್ದರೆ ಮೇಲ್ವಿಚಾರಕರ ಸಂಬಳ ಹೆಚ್ಚಿಸಿ ಕೈ ತೊಳೆದುಕೊಳ್ಳುತ್ತಿದ್ದ. ವಿನ್ ಅವರು 2006ರಲ್ಲಿ ಡೀಲರುಗಳ ಟಿಪ್ಸ್ ರಾಶಿಯಿಂದಲೇ ಮೇಲ್ವಿಚಾರಕರಿಗೂ ಪಾಲು ಹಾಕಿದರು. ಒಬ್ಬರ ಎಲೆಯಿಂದ ತೆಗೆದು ಇನ್ನೊಬ್ಬರ ಎಲೆಗೆ ಬಡಿಸಿ, ಬಡಿಸಿದವನೇ ದಾನಿ ಎನಿಸಿಕೊಳ್ಳುವ ಈ ಕೈಚಳಕವನ್ನು ಡೀಲರುಗಳು ಅರಿಯದೆ ಹೋದರು. ಮರುವರ್ಷ ಮತ ಹಾಕಿ ಕಾರ್ಮಿಕ ಸಂಘವನ್ನೇ ಕಟ್ಟಿಕೊಂಡರು. ಮಹತ್ತಾದುದನ್ನು ಮೊದಲ ನೋಟಕ್ಕೆ ಗುರುತಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಆದರೆ ಪದ್ಧತಿಯ ಮುಕುಟಮಣಿ ಎಂದರೆ ಡೀಲರಿನ ಹೆಸರಿನಲ್ಲಿ ಪಣ ಕಟ್ಟುವ ಸಂಪ್ರದಾಯ. ಸಂಸ್ಕಾರವಂತ ಆಟಗಾರ ಟಿಪ್ಸನ್ನು ಹಾಗೇ ಜರುಗಿಸಿಬಿಡುವುದಿಲ್ಲ; ತನ್ನ ಪಣದ ಮುಂದೆ ಇನ್ನೊಂದು ಚಿಪ್ಪಿಟ್ಟು, ಇದು ನಿಮ್ಮ ಪಾಲಿನ ಆಟ ಎನ್ನುತ್ತಾನೆ. ಗೆದ್ದರೆ ಡೀಲರಿಗೆ ಇಮ್ಮಡಿ. ಸೋತರೆ? ಆ ಚಿಪ್ಪು ಮಾಲೀಕನ ತಟ್ಟೆಗೆ. ಅದನ್ನು ಅಲ್ಲಿಗೆ ಎಳೆದು ಹಾಕಬೇಕಾದವಳೂ ಆಕೆಯೇ, ತನ್ನ ಕೈಯಾರೆ, ಮುಖದ ನಗು ಮಾಸದಂತೆ. ಸಂಬಳದ ಭಾರದಿಂದ ಆಗಲೇ ಬಿಡುಗಡೆ ಹೊಂದಿದ್ದ ಮಾಲೀಕ, ಆ ಭಾರವನ್ನು ಹೊತ್ತವನು ಕೊಟ್ಟದ್ದರಲ್ಲೂ ತನ್ನ ಪಾಲನ್ನು ಹೀಗೆ ಸಂಕೋಚವಿಲ್ಲದೆ ಸ್ವೀಕರಿಸುತ್ತಾನೆ. ಅವನ ಈ ಸರಳತೆಯನ್ನು ಗಣಿತವೂ ಎತ್ತಿ ಹಿಡಿದಿದೆ. ರೂಲೆಟ್ ಚಕ್ರದಲ್ಲಿ ಒಂದು ಸೊನ್ನೆ ಇದ್ದರೆ ಕಟ್ಟಿದ ನೂರರಲ್ಲಿ ಸರಾಸರಿ 2.7 ಮಾಲೀಕನಿಗೆ ಉಳಿಯುತ್ತದೆ. ಅಮೆರಿಕದ ಎರಡು ಸೊನ್ನೆಯ ಚಕ್ರದಲ್ಲಿ 5.26, ಅದೂ ಕಡಿಮೆಯಾಯಿತೆಂದು ಈಚೆಗೆ ವೇಗಸ್ಸಿನ ಮುಖ್ಯ ಬೀದಿಯಲ್ಲಿ ಮೂರನೆಯ ಸೊನ್ನೆಯನ್ನೂ ಕೂರಿಸಿದ ಚಕ್ರಗಳು ತಿರುಗುತ್ತಿವೆ, ಅವುಗಳಲ್ಲಿ 7.69. ಸೊನ್ನೆಯನ್ನು ಜಗತ್ತಿಗೆ ಕೊಟ್ಟವರು ನಾವು ಎಂದು ಭಾಷಣಗಳಲ್ಲಿ ಎದೆ ತಟ್ಟಿಕೊಳ್ಳುವ ನಮಗೆ, ಅದರ ಬೆಲೆ ಎಷ್ಟೆಂದು ಇಷ್ಟು ಕರಾರುವಾಕ್ಕಾಗಿ ತಿಳಿಸಿಕೊಟ್ಟವರು ಅವರು.

ಬ್ಲ್ಯಾಕ್‌ಜಾಕ್ ಆಟದಲ್ಲಿ ಇಂಥದೇ ಇನ್ನೊಂದು ಸೌಜನ್ಯ ನಡೆದಿದೆ. ಹಿಂದೆ ಹತ್ತು ಡಾಲರ್ ಕಟ್ಟಿದವನಿಗೆ ಮೊದಲ ಎರಡೇ ಎಲೆಯಲ್ಲಿ ಇಪ್ಪತ್ತೊಂದು ಬಿದ್ದರೆ ಹದಿನೈದು ಡಾಲರ್ ಕೊಡುತ್ತಿದ್ದರು. ಈಗ ಎಷ್ಟೋ ಮೇಜುಗಳಲ್ಲಿ ಹನ್ನೆರಡು. ಗೆದ್ದವನ ತಲೆಗೆ ಅಮಲು ಏರದಿರಲೆಂದು ಉಳಿಸಿಕೊಂಡ ಮೂರು ಡಾಲರ್ ಅದು. ಇದರಿಂದ ಅವನ ಕೈಯಿಂದ ಬರುವ ಟಿಪ್ಸ್ ಕಡಿಮೆಯಾದರೆ ಡೀಲರಿನ ಅಸಮಾಧಾನ ಅವನ ಮೇಲೆ ತಿರುಗುತ್ತದೆ. ತನಗೆ ಹೆಚ್ಚು ಬರಲಿಲ್ಲವೆಂಬ ಅವನ ಸಿಟ್ಟು ಎಲೆ ಹಂಚಿದ ಡೀಲರಿನ ಮೇಲೆ ತಿರುಗುತ್ತದೆ. ಮೇಜಿನ ಆಚೆಗೊಬ್ಬಳು, ಈಚೆಗೊಬ್ಬ, ಪರಸ್ಪರರ ಜಿಪುಣತನವನ್ನೂ ದುರಾಸೆಯನ್ನೂ ಅಳೆಯುತ್ತ ಕೂತಿರುವಾಗ, ಆ ಮೂರು ಡಾಲರ್ ಯಾರ ಕಣ್ಣಿಗೂ ಬೀಳದೆ, ಯಾರ ಮನಸ್ಸನ್ನೂ ನೋಯಿಸದೆ, ಸದ್ದಿಲ್ಲದೆ ಮೇಲಂತಸ್ತಿಗೆ ಹತ್ತಿಹೋಗುತ್ತದೆ. ಇಬ್ಬರ ಜಗಳದಿಂದ ಇಷ್ಟು ದೂರ, ಇಷ್ಟು ನಿರ್ಲಿಪ್ತನಾಗಿ ಇರಬಲ್ಲ ಮೂರನೆಯವನನ್ನು ವೇದಾಂತದಲ್ಲಿ ಸಾಕ್ಷಿಪುರುಷ ಎನ್ನುತ್ತಾರೆ.

ಉಚಿತ ಪಾನೀಯದ ವಿಷಯ. ಆಡುತ್ತ ಕೂತವರಿಗೆ ವೇಗಸ್ಸಿನಲ್ಲಿ ವಿಸ್ಕಿ, ಬಿಯರ್ ಎಲ್ಲ ಉಚಿತ. ತಂದುಕೊಡುವಾಕೆಗೆ ಗ್ಲಾಸಿಗೆ ಒಂದೆರಡು ಡಾಲರ್ ಇಡುವುದು ಸಭ್ಯತೆ. ಗ್ಲಾಸು ಬರುವ ತನಕ ಕಾಯುವಾಗ ಸುಮ್ಮನಿರಲಾಗದೆ ಸೋಲುವ ಐವತ್ತು ಡಾಲರನ್ನು ಲೆಕ್ಕಕ್ಕೆ ಹಿಡಿಯುವುದು ಅಸಭ್ಯತೆ. ಈ ಸೇವಕಿಯರ ಬಗ್ಗೆ ಉದ್ಯಮಕ್ಕಿರುವ ಕಾಳಜಿ ಹೆತ್ತವರಿಗೂ ಇರಲಿಕ್ಕಿಲ್ಲ. ಪೂರ್ವ ತೀರದ ಅಟ್ಲಾಂಟಿಕ್ ಸಿಟಿಯ ಬೊರ್ಗಾಟಾ ಕ್ಯಾಸಿನೊ, ಪಾನೀಯ ಹಂಚುವ ತನ್ನ ಹುಡುಗಿಯರು ಮೊದಲಿದ್ದ ತೂಕಕ್ಕಿಂತ ಶೇ. 7ಕ್ಕೂ ಹೆಚ್ಚು ದಪ್ಪಗಾಗಬಾರದೆಂದು ನಿಯಮ ಮಾಡಿ, ತಕ್ಕಡಿ ಹತ್ತಿಸಿ ನೋಡುತ್ತಿತ್ತು. ಕೃತಜ್ಞತೆಯಿಲ್ಲದ ಇಪ್ಪತ್ತೆರಡು ಮಂದಿ ಕೋರ್ಟಿಗೆ ಹೋದರು. 2013ರಲ್ಲಿ ನ್ಯೂಜೆರ್ಸಿಯ ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ಮುಂದೆ ಮೇಲ್ಮನವಿಯಲ್ಲಿ ಕೆಲವರ ದೂರಿಗೆ ಮತ್ತೆ ಜೀವ ಬಂತು, ಅದು ಬೇರೆ ಮಾತು. ಅತಿಥಿಯ ಪರ್ಸಿನ ತೂಕವನ್ನೂ ಸೇವಕಿಯ ಮೈತೂಕವನ್ನೂ ಒಂದೇ ಶ್ರದ್ಧೆಯಿಂದ ಇಳಿಸಬಲ್ಲ ಉದ್ಯಮ ಬೇರೆಲ್ಲಿದೆ?

ಹೋಟೆಲಿನ ಮುಂಗಟ್ಟೆಯಲ್ಲೂ ಈ ಸಂಸ್ಕೃತಿಯ ಪರಿಮಳವಿದೆ. ರೂಮು ಪಡೆಯಲು ನಿಂತವನು ಗುರುತಿನ ಚೀಟಿ ಮತ್ತು ಕ್ರೆಡಿಟ್ ಕಾರ್ಡಿನ ನಡುವೆ ಇಪ್ಪತ್ತು ಡಾಲರಿನ ನೋಟನ್ನು ಮಡಿಸಿ ಇಟ್ಟು, ಇನ್ನೂ ಒಳ್ಳೆಯ ರೂಮು ಏನಾದರೂ ಖಾಲಿ ಇದೆಯೇ ಎಂದು ವಿನಯದಿಂದ ವಿಚಾರಿಸುತ್ತಾನೆ. ಅದೃಷ್ಟವಿದ್ದರೆ ಕಾರಂಜಿ ಕಾಣುವ ಕಿಟಕಿ ಸಿಗುತ್ತದೆ. ಇದನ್ನೇ ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಅರ್ಜಿಯ ಹಾಳೆಗಳ ನಡುವೆ, ಹೆಚ್ಚು ಕಡಿಮೆ ಇದೇ ವಿನಯದಿಂದ ಮಾಡಿದರೆ ಲೋಕಾಯುಕ್ತದವರು ಬಂದು ಕೈ ತೊಳೆಸಿ ನೀರಿನ ಬಣ್ಣ ನೋಡುತ್ತಾರೆ. ಶಿಷ್ಟಾಚಾರದ ಪುಸ್ತಕ ಬರೆಯುವವರು ಸಕಾಲದಲ್ಲಿ ನಮ್ಮಲ್ಲಿ ಹುಟ್ಟಲಿಲ್ಲ.

ಇಷ್ಟಾದರೂ ಕನ್ನಡಿಗರು ಹಿಂದೆ ಬಿದ್ದಿಲ್ಲವೆಂದು ಹೆಮ್ಮೆಯಿಂದ ಹೇಳಬಹುದು. ಕ್ಯಾಲಿಫೋರ್ನಿಯದ ಕಂಪನಿಗಳಲ್ಲಿ ದುಡಿಯುವ ನಮ್ಮ ಮಕ್ಕಳು, ಆರು ತಿಂಗಳ ಮಟ್ಟಿಗೆ ಬಂದ ಅಪ್ಪ ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು, ಪುಳಿಯೋಗರೆ ಕಟ್ಟಿಕೊಂಡು, ಉದ್ದನೆಯ ವಾರಾಂತ್ಯಕ್ಕೆ ವೇಗಸ್ಸಿಗೆ ಕರೆದೊಯ್ಯುವುದು ಈಗ ಧರ್ಮಸ್ಥಳ ಸುಬ್ರಹ್ಮಣ್ಯದಷ್ಟೇ ತಪ್ಪದ ಯಾತ್ರೆ. ಗಾಂಧಿಬಜಾರಿನಲ್ಲಿ 'ಏನಮ್ಮ, ಇಷ್ಟು ದಂಟಿನ ಸೊಪ್ಪಿಗೆ ಮೂವತ್ತಾ? ಇಪ್ಪತ್ತಕ್ಕೆ ಕೊಡೋ ಹಾಗಿದ್ರೆ ಕೊಡು' ಎಂದು ಮುಂದಕ್ಕೆ ನಡೆದು, ಕರೆಯುತ್ತಾಳೇನೋ ಎಂದು ಹಿಂತಿರುಗಿ ನೋಡುವ ನಿವೃತ್ತ ಬ್ಯಾಂಕ್ ಅಧಿಕಾರಿಗಳು ಇದ್ದಾರಲ್ಲ, ಮನೆಗೆಲಸದಾಕೆ ದೀಪಾವಳಿಗೆ ಐನೂರು ಕೇಳಿದಳೆಂದು ವಾರವಿಡೀ ಮನೆಯಲ್ಲಿ ಚರ್ಚೆ ನಡೆಸಿ ಮುನ್ನೂರಕ್ಕೆ ಇತ್ಯರ್ಥಗೊಳಿಸುವ ಧೀಮಂತರು, ಅವರೇ ಇಲ್ಲಿ ಅರಳಿ ನಿಲ್ಲುವುದನ್ನು ನೋಡಬೇಕು. ಮಗ ಕಿವಿಯಲ್ಲಿ 'ಅಪ್ಪಾ, ಡೀಲರ್‌ಗೆ ಏನಾದ್ರೂ ಇಡಿ, ಇಲ್ಲದಿದ್ರೆ ಚೆನ್ನಾಗಿರಲ್ಲ' ಎನ್ನುತ್ತಾನೆ. 'ಎಷ್ಟಪ್ಪಾ?' 'ಐದು ಇಡಿ ಸಾಕು.' ಕೆಂಪು ಚಿಪ್ಪು ಐದು ಡಾಲರ್, ಹಸಿರು ಇಪ್ಪತ್ತೈದು, ಕಪ್ಪು ನೂರು. ಅಪ್ಪನ ಕೈಗೆ ಸಿಕ್ಕಿದ್ದು ಹಸಿರು. ಸುತ್ತ ಕೂತ ಬಿಳಿಯರು ನೋಡುತ್ತಿದ್ದಾರೆ. ಈಗ ವಾಪಸು ತೆಗೆಯುವುದೆಂತು? 'ಕೀಪ್ ಇಟ್, ಕೀಪ್ ಇಟ್' ಎಂದು ಮೈಸೂರು ಅರಸರ ಮನೆತನದವರಂತೆ ಕೈಬೀಸುತ್ತಾರೆ. ಇಪ್ಪತ್ತೈದು ಡಾಲರ್ ಎಂದರೆ ರೂಪಾಯಿಯಲ್ಲಿ ಎಷ್ಟೆಂಬ ಗುಣಾಕಾರ ರಾತ್ರಿ ಹಾಸಿಗೆಯಲ್ಲಿ ನಡೆಯುತ್ತದೆ. ಅಷ್ಟರಲ್ಲಿ ಕೀರ್ತಿ ಸಂಪಾದನೆಯಾಗಿದೆ. ದುಡ್ಡನ್ನು ದುಡ್ಡಿನಂತೆ ಕಾಣಿಸದೆ ಬಣ್ಣದ ಬಿಲ್ಲೆಯಾಗಿಸಿದ ಪುಣ್ಯಾತ್ಮರಿಂದಾಗಿ ನಮ್ಮೊಳಗಿನ ಕರ್ಣ ಹೊರಬರಲು ದಾರಿಯಾಯಿತು. ಸೊಪ್ಪು ಮಾರುವವಳೂ ತನ್ನ ಕಟ್ಟುಗಳಿಗೆ ಇಂಥ ಬಿಲ್ಲೆಗಳ ವ್ಯವಸ್ಥೆ ಮಾಡಿಕೊಳ್ಳದಿದ್ದರೆ ತಪ್ಪು ಯಾರದು?

ಅಷ್ಟು ದೂರ ಹೋಗಲಾಗದವರಿಗೆ ಪಣಜಿಯ ಮಾಂಡವಿ ನದಿ ಇದೆ. ಗೋವಾ ಸರ್ಕಾರ 1976ರ ತನ್ನ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೂ, 1996ರಲ್ಲಿ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಕ್ಕೂ ಅನುಮತಿ ಕೊಟ್ಟಿತು. ಅಂದಿನಿಂದ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಿಂದ ವಾರಾಂತ್ಯಕ್ಕೆ ಹೊರಡುವ ಭಕ್ತರ ದಂಡಿಗೆ ವಿರಾಮವಿಲ್ಲ. ಮಂಡ್ಯ ಕಡೆಯ ಹಳ್ಳಿಯಲ್ಲಿ ಯುಗಾದಿಯ ದಿನ ಹೊಂಗೆ ಮರದಡಿ ಟವೆಲ್ ಹಾಸಿ ಅಂದರ್ ಬಾಹರ್ ಆಡಿದರೆ ಪೊಲೀಸ್ ಜೀಪು ಬರುತ್ತದೆ. ಮಾರನೆಯ ದಿನ ಪತ್ರಿಕೆಯಲ್ಲಿ, ವಶಪಡಿಸಿಕೊಂಡ ನಗದಿನ ವಿವರದೊಡನೆ ಹೆಸರು ಬರುತ್ತದೆ. ಅದೇ ಅಂದರ್ ಬಾಹರನ್ನು ಮಾಂಡವಿಯ ಹಡಗಿನಲ್ಲಿ ಆಡಿದರೆ ಕೈಗೆ ಪಟ್ಟಿ ಕಟ್ಟಿ, ಊಟ ಹಾಕಿ, ನೃತ್ಯ ತೋರಿಸುತ್ತಾರೆ. ಹಳ್ಳಿಯವರು ಎಡವಿದ್ದು ಎಲ್ಲಿ ಎಂದು ಬಹಳ ಯೋಚಿಸಿದ್ದೇನೆ. ಹೊಂಗೆ ಮರದಡಿ ಎಲೆ ಹಂಚಿದವನಿಗೆ ಯಾರೂ ಟಿಪ್ಸ್ ಕೊಡುವುದಿಲ್ಲ. ಅಂಥ ಆಟ ಎಷ್ಟಾದರೂ ಜೂಜೇ.

ಗೋವಾ ಸರ್ಕಾರದ ಮಾತೃಹೃದಯವನ್ನೂ ಇಲ್ಲಿ ಸ್ಮರಿಸಬೇಕು. 2020ರ ಫೆಬ್ರವರಿಯಿಂದ ಅದು ತನ್ನ ರಾಜ್ಯದವರು ಕ್ಯಾಸಿನೊದಲ್ಲಿ ಆಡುವುದನ್ನು ನಿಷೇಧಿಸಿದೆ. ಮೊನಾಕೊ ದೇಶವೂ ತನ್ನ ಪ್ರಜೆಗಳನ್ನು ಮಾಂಟೆ ಕಾರ್ಲೊದ ಮೇಜುಗಳಿಂದ ಹೀಗೇ ದೂರವಿಟ್ಟಿದೆ. ಅತಿಥಿ ಸೋಲಲಿ, ಮನೆಯವರು ಸೋಲದಿರಲಿ ಎಂಬ ಈ ಸತ್ಕಾರಭಾವದ ಪೂರ್ಣ ಫಲವನ್ನು ಉಣ್ಣುತ್ತಿರುವ ಅತಿಥಿಗಳಲ್ಲಿ ನಾವಿದ್ದೇವೆ, ಗಡಿಯಿಂದ ನಾಲ್ಕು ಹೆಜ್ಜೆ ಈಚೆಗಿನವರು. ಕೇಂದ್ರ ಸರ್ಕಾರವೂ ಕೈಜೋಡಿಸಿದೆ. 2023ರ ಅಕ್ಟೋಬರ್‌ನಿಂದ ಕ್ಯಾಸಿನೊದಲ್ಲಿ ಕೊಂಡ ಚಿಪ್ಪಿನ ಪೂರ್ತಿ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ, 2025ರ ಸೆಪ್ಟೆಂಬರ್‌ನಿಂದ ಅದು ಶೇ. 40. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ, ಆಡದೆ ಚಿಪ್ಪನ್ನು ವಾಪಸು ಕೊಟ್ಟರೂ ತೆರಿಗೆಯ ಲೆಕ್ಕ ಹಿಂದಕ್ಕೆ ತಿರುಗುವುದಿಲ್ಲ. ಹೀಗಾಗಿ ದೂರದೂರಿನಿಂದ ದುಡಿಯಲು ಬಂದ ಡೀಲರ್ ಹುಡುಗನ ಮುಂದೆ ಒಂದು ಚಿಪ್ಪು ಇಟ್ಟಾಗ, ದಾನಕ್ಕಿಂತ ಮುಂಚೆಯೇ ದೇಶಕ್ಕೆ ಅದರ ಕಪ್ಪ ಸಂದಾಯವಾಗಿರುತ್ತದೆ. ಕೊಟ್ಟವನಿಗೆ ಪುಣ್ಯವೂ ಬಂತು, ರಾಷ್ಟ್ರನಿರ್ಮಾಣವೂ ಆಯಿತು. ಉಳಿದದ್ದು ಚಿಪ್ಪು.

ಅಮೆರಿಕದವರು ತೆರಿಗೆಯಲ್ಲೂ ನಮಗಿಂತ ಒಂದು ಹೆಜ್ಜೆ ಮುಂದೆ. ಡೊನಾಲ್ಡ್ ಟ್ರಂಪ್ ಅವರು 2024ರ ಜೂನಿನ ಬಿಸಿಲಿನಲ್ಲಿ ಲಾಸ್ ವೇಗಸ್ಸಿನಲ್ಲೇ ನಿಂತು, ಟಿಪ್ಸ್ ಮೇಲೆ ಇನ್ನು ತೆರಿಗೆ ಬೇಡ ಎಂದು ಸಾರಿದರು. ಎರಡು ತಿಂಗಳು ಕಳೆಯುತ್ತಿದ್ದಂತೆ ಕಮಲಾ ಹ್ಯಾರಿಸ್ ಅವರಿಗೂ, ಅದೇ ಊರಿನ ವೇದಿಕೆಯಲ್ಲಿ, ಅದೇ ಜ್ಞಾನೋದಯವಾಯಿತು. ಕನಿಷ್ಠ ಕೂಲಿಯನ್ನೂ ಹೆಚ್ಚಿಸಬೇಕೆಂಬ ಕೆಟ್ಟ ಯೋಚನೆ ಹ್ಯಾರಿಸ್ ಅವರಿಗೆ ಜೊತೆಗೇ ಬಂದಿತ್ತು; ಆದರೆ ಕಾನೂನಾದದ್ದು ಟಿಪ್ಸಿನ ಮಾತು ಮಾತ್ರ ಎನ್ನುವುದು ಆ ಪ್ರಜಾಪ್ರಭುತ್ವದ ಪ್ರೌಢಿಮೆ. 2025ರ ಜುಲೈ 4ರಂದು, ಸ್ವಾತಂತ್ರ್ಯದ ದಿನದಂದೇ, 'ಒಂದು ದೊಡ್ಡ ಸುಂದರ ಮಸೂದೆ' ಎಂದು ಅದರ ಜನಕರೇ ನಾಮಕರಣ ಮಾಡಿದ ಮಸೂದೆಗೆ ಸಹಿ ಬಿತ್ತು. ವರ್ಷಕ್ಕೆ 25,000 ಡಾಲರ್ ತನಕ ಟಿಪ್ಸಿಗೆ ಆದಾಯ ತೆರಿಗೆಯ ವಿನಾಯಿತಿ, 2028ರವರೆಗೆ. ಸೌಂದರ್ಯ ಇಷ್ಟಕ್ಕೇ ನಿಲ್ಲಲಿಲ್ಲ. ಜೂಜಿನ ಗೆಲುವಿನಿಂದ ಸೋಲನ್ನು ಪೂರ್ತಿ ಕಳೆದು ತೆರಿಗೆ ಲೆಕ್ಕ ಹಾಕುವ ಹಳೆಯ ಸವಲತ್ತನ್ನು ಅದೇ ಮಸೂದೆ ಮೊಟಕುಗೊಳಿಸಿತು: 2026ರಿಂದ ಸೋಲಿನ ಶೇ. 90ರಷ್ಟನ್ನು ಮಾತ್ರ ಕಳೆಯಬಹುದು. ಅಂದರೆ ವರ್ಷದಲ್ಲಿ ಲಕ್ಷ ಡಾಲರ್ ಗೆದ್ದು ಲಕ್ಷ ಡಾಲರ್ ಸೋತು ಬರಿಗೈಯಲ್ಲಿ ಎದ್ದುಬಂದವನು, ತನ್ನಲ್ಲಿಲ್ಲದ ಹತ್ತು ಸಾವಿರ ಡಾಲರಿಗೆ ತೆರಿಗೆ ಕಟ್ಟಬೇಕು. ಡೀಲರಿಗೆ ಕೊಟ್ಟ ಟಿಪ್ಸ್ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ನಿಷ್ಕಾಮಕರ್ಮ ರಸೀದಿಯನ್ನು ಅಪೇಕ್ಷಿಸುವುದಿಲ್ಲ.

ಯಂತ್ರದಲ್ಲಿ ದೊಡ್ಡ ಮೊತ್ತ ಬಿದ್ದಾಗ ನೋಟು ಎಣಿಸಿಕೊಡಲು ಬರುವವನಿಗೆ, ಸಾಮಾನು ಹೊತ್ತವನಿಗೆ, ಹಾಸಿಗೆ ಹಾಸಿದವಳಿಗೆ, ಟ್ಯಾಕ್ಸಿಯ ಬಾಗಿಲು ತೆರೆದವನಿಗೆ ಎಂದು ಬೇರೆ ಬೇರೆ ದರಗಳಿವೆ. ಅವನ್ನೆಲ್ಲ ಮಗ ಹೇಳಿಕೊಡುತ್ತಾನೆ. ನಾನು ಕೊನೆಯದಾಗಿ ಒಂದು ಸೇವೆಯನ್ನು ಮಾತ್ರ ಎತ್ತಿ ಹೇಳಬಯಸುತ್ತೇನೆ. ಬಂದಾಗ ಕಾರಿನ ಕೀಲಿ ಇಸಿದುಕೊಂಡು ಎಲ್ಲೋ ಒಯ್ದು ನಿಲ್ಲಿಸುವ ವ್ಯಾಲೆ ಹುಡುಗ, ಹೊರಡುವಾಗ ನಿಮ್ಮದೇ ಕಾರನ್ನು ನಿಮಗೇ ತಂದೊಪ್ಪಿಸುತ್ತಾನೆ. ಇಡೀ ಊರಿನಲ್ಲಿ ನೀವು ಕೈಬಿಟ್ಟ ವಸ್ತು ಹಾಗೆಯೇ ಹಿಂದಿರುಗಿ ಬರುವ ಜಾಗ ಅದೊಂದೇ ಆದ್ದರಿಂದ ಅಲ್ಲಿ ಕೃತಜ್ಞತೆ ಉಕ್ಕುವುದು ಸಹಜ. 2016ರಿಂದ ಅಲ್ಲಿನ ದೊಡ್ಡ ಹೋಟೆಲುಗಳು ಒಂದೊಂದಾಗಿ ಪಾರ್ಕಿಂಗಿಗೂ ಶುಲ್ಕ ಹಾಕಿದವು. ಅದು ಮಾಲೀಕನದು, ಹುಡುಗನದು ಬೇರೆ. ಆದ್ದರಿಂದ ಯಾತ್ರೆಗೆ ಹೊರಡುವ ಹಿರಿಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಎಷ್ಟೇ ಸೋತರೂ ಮುಟ್ಟದಂತೆ ಐದು ಡಾಲರಿನ ನೋಟೊಂದನ್ನು ಕಾಲುಚೀಲದೊಳಗೆ ಮಡಿಸಿಟ್ಟುಕೊಳ್ಳಿ. ದಾರಿಯಲ್ಲಿ ಬಾರ್‌ಸ್ಟೊ ಬಳಿ ಪೆಟ್ರೋಲು ಹಾಕಿಸಬೇಕಲ್ಲ ಎಂದು ಅದಕ್ಕೆ ಕೈ ಹಾಕಬೇಡಿ. ಪೆಟ್ರೋಲಿಗೆ ಮಗನ ಕ್ರೆಡಿಟ್ ಕಾರ್ಡ್ ಇದೆ, ತೀರಿಸಲು ಅವನಿಗೆ ವಯಸ್ಸೂ ಇದೆ. ಕಾಲುಚೀಲದ ನೋಟು ಆ ಹುಡುಗನಿಗೆ ಸೇರಬೇಕಾದದ್ದು. ಅವನ ಮಾಲೀಕರು ಅವನನ್ನು ನಿಮ್ಮನ್ನು ನಂಬಿಯೇ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ.